ಬಾಗಿಲೊಳಗೆ ನಿಂತ ನೀರು

ನಮ್ಮ 1998ರ ಮಾರುತಿ 800ರ ಎಡಬಾಗಿಲಿನ ಕೆಳಗೆ ಕಡಲೆಕಾಳಿನಷ್ಟು ಒಂದು ಗುಳ್ಳೆ ಎದ್ದಿತ್ತು. ಬಣ್ಣದಡಿ ಸುಮ್ನೆ ಗಾಳಿ ಸೇರಿರಬೇಕು ಅಂದುಕೊಂಡು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ. ತುದಿ ಸೀದಾ ಒಳಗೆ ಹೋಯಿತು. ಅಲ್ಲಿ ತಗಡೇ ಇರಲಿಲ್ಲ, ಬರೀ ಬಣ್ಣ ಇತ್ತು!

ಉಡುಪಿ ಕಡೆ ಹಳೆ ಕಾರು ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ. ಎರಡು ವರ್ಷದ ಹಿಂದಷ್ಟೇ ಅದೇ ಜಾಗಕ್ಕೆ ಪುಟ್ಟಿ ಮೆತ್ತಿಸಿ ಬಣ್ಣ ಹೊಡೆಸಿದ್ದೆ. ಪುಟ್ಟಿ ನೀರು ಕುಡಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ತುಕ್ಕಿನ ಮೇಲೆ ಅದನ್ನು ಮೆತ್ತಿದರೆ ಹುಣ್ಣಿಗೆ ಒದ್ದೆ ಬಟ್ಟೆ ಕಟ್ಟಿದ ಹಾಗೆ.

ತುಕ್ಕು ಶುರುವಾದದ್ದು ಒಳಗೆ. ಕಿಟಕಿ ಗಾಜಿನ ಪಕ್ಕದ ರಬ್ಬರ್ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿಯುತ್ತದೆ. ಹೊಸ ಕಾರಿನಲ್ಲೂ ಇಳಿಯುತ್ತದೆ. ಅದು ಹರಿದುಹೋಗಲೆಂದೇ ಬಾಗಿಲಿನ ಅಡಿಯಂಚಿನಲ್ಲಿ ಸಣ್ಣ ತೂತುಗಳಿವೆ. ಧೂಳು, ಒಣಎಲೆ ಸೇರಿ ಆ ತೂತು ಕಟ್ಟಿತೋ, ಬಾಗಿಲೇ ಬಾನಿ.

ಮುಂದಿನ ಕತೆಯನ್ನು ಮನೆಯಲ್ಲೇ ನೋಡಬಹುದು. ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರು ಬಿಟ್ಟು ಒಂದೆರಡು ಗಂಟೆ ಕಾಯಿರಿ. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಜಾಸ್ತಿ ಸಿಗುತ್ತದೆ, ನಡುವೆ ಕಡಿಮೆ. ಹಾಗಾದರೆ ಸವೆಯಬೇಕಾದ್ದು ಅಂಚು ಅಲ್ವಾ? ಸವೆಯುವುದು ನಡುಭಾಗ. ಅಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನ್ ಕಳಚಿಟ್ಟು ಅಯಾನುಗಳಾಗಿ ನೀರಿಗಿಳಿಯುತ್ತವೆ. ಎಲೆಕ್ಟ್ರಾನ್‌ಗಳು ತಗಡಿನೊಳಗಿಂದಲೇ ಅಂಚಿಗೆ ಓಡುತ್ತವೆ, ಅಲ್ಲಿ ಆಮ್ಲಜನಕಕ್ಕೆ ಸಿಕ್ಕಿಬೀಳುತ್ತವೆ. ಒಂದು ಹನಿಯಷ್ಟೇ ದೊಡ್ಡ ಬ್ಯಾಟರಿ! ಕಂದು ತುಕ್ಕು ಇವೆರಡರ ನಡುವೆ ಉಂಗುರದಂತೆ ಕೂರುತ್ತದೆ. ಬಾಗಿಲೊಳಗಿನ ಕೆಸರಿನಡಿ, ತಗಡು ಮಡಚಿದ ಸಂದಿಯಲ್ಲಿ ಆಗುವುದೂ ಇದೇ. ಗಾಳಿ ಸರಿಯಾಗಿ ಆಡದ ಜಾಗವೇ ಮೊದಲು ಹೋಗುತ್ತದೆ.

ಕರಾವಳಿಯಲ್ಲಿ ಇದಕ್ಕೆ ಉಪ್ಪಿನ ಕಾಟವೂ ಸೇರುತ್ತದೆ. ಮಳೆಗಾಲದಲ್ಲಿ ಜಾಡಿಯೊಳಗಿನ ಕಲ್ಲುಪ್ಪು ನೀರೊಡೆಯುತ್ತದಲ್ಲ, ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಡಲಗಾಳಿ ತಗಡಿನ ಮೇಲೆ ತಂದಿಟ್ಟ ಉಪ್ಪೂ ಹಾಗೆಯೇ. ಮಳೆ ನಿಂತರೂ ತಗಡು ಒಣಗುವುದಿಲ್ಲ. ಸಾಲದ್ದಕ್ಕೆ ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣದ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಬಣ್ಣವನ್ನು ಗುಳ್ಳೆ ಎಬ್ಬಿಸುವುದು ಅದೇ.

ತೂತು ಬಿದ್ದ ಮೇಲೆ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆಯದೆ ಗತಿಯಿಲ್ಲ. ಟಿಂಕರಿಂಗ್‌ನವರು ನಮ್ಮ ಬಾಗಿಲಿಗೂ ಅದನ್ನೇ ಮಾಡಿದರು. ತಗಡು ಇನ್ನೂ ಗಟ್ಟಿಯಿದ್ದರೆ ಮಾತ್ರ ರಸ್ಟ್ ಕನ್ವರ್ಟರ್, ಅಂದರೆ ತುಕ್ಕಿನ ಮೇಲೆ ಬಳಿದು ಅದನ್ನೇ ಬೇರೆ ಗಟ್ಟಿ ಪದರವಾಗಿ ಬದಲಿಸುವ ದ್ರಾವಣ, ಕೆಲಸಕ್ಕೆ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಟ್ಯಾನಿಕ್ ಆಮ್ಲ ಇಲ್ಲವೇ ಫಾಸ್ಫರಿಕ್ ಆಮ್ಲ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿ ಕಪ್ಪಾಗುವುದನ್ನು ನೋಡಿದ್ದೀರಲ್ಲ? ಕಾಯಿಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ಟ್ಯಾನಿಕ್ ಆಮ್ಲದ ಕನ್ವರ್ಟರ್ ಬಳಿದಾಗ ತುಕ್ಕು ನೀಲಿಗಪ್ಪಾಗಿ ತಿರುಗುವುದೂ ಹೀಗೆಯೇ. ಆದರೆ ಮೊದಲು ತಂತಿ ಬ್ರಷ್‌ನಿಂದ ಹಕ್ಕಳೆಯೆಲ್ಲ ಉದುರುವವರೆಗೆ ಉಜ್ಜಬೇಕು, ಸಿಹಿನೀರಿನಿಂದ ಉಪ್ಪು ತೊಳೆದು ಒಣಗಿಸಬೇಕು. ಇಲ್ಲದಿದ್ದರೆ ದುಡ್ಡು ದಂಡ. ಬಳಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ.

ಇನ್ನೊಂದು ಮಾತು: ಒದ್ದೆ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ. ತುಕ್ಕಿಗೆ ಮನೆ ಕಟ್ಟಿಕೊಟ್ಟಂತೆ.

ಈಗ ಜೂನ್‌ನಲ್ಲಿ ಮೊದಲ ಮಳೆ ಬಿದ್ದ ವಾರವೇ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದುಕೊಂಡು ಕಾರಿನ ಪಕ್ಕ ಕೂರುತ್ತೇನೆ. ಬಾಗಿಲಿನ ತೂತಿಗೆ ಹಾಕಿ ತಿರುಗಿಸುತ್ತೇನೆ. ಈ ಸಲ ಬಲಬಾಗಿಲಿನಿಂದ ಅರ್ಧ ಚೊಂಬು ಕೆಂಪುನೀರು ಬಂತು.