ಬೆನ್ನುಬೀಳುವವನ ಮನಸ್ಸು: ಕಾಯಿಲೆ ಬೇರೆ, ವಿನಾಯಿತಿ ಬೇರೆ

ತುಮಕೂರಿನ ನಮ್ಮ ಓದಿನ ಗುಂಪು ನ್ಯಾಯ ಮನೋವೈದ್ಯಶಾಸ್ತ್ರದ ಪಾಠಗಳಲ್ಲಿ ಸ್ಟಾಕಿಂಗ್, ಅಂದರೆ ಬೇಡವೆಂದರೂ ಬಿಡದೆ ಒಬ್ಬರ ಬೆನ್ನುಬೀಳುವ ನಡವಳಿಕೆಯ ಅಧ್ಯಾಯಕ್ಕೆ ಬಂದಾಗ, ಮನಸ್ಸಿನ ಕಾಯಿಲೆಯಿದ್ದವನನ್ನು ಅಪರಾಧಿಯೆನ್ನಬಹುದೆ ಎಂಬ ಒಂದೇ ಜಾಗದಲ್ಲಿ ನಾನು ನಾಲ್ಕು ದಿನ ನಿಂತುಬಿಟ್ಟೆ. ಅರ್ಥವಾದದ್ದು ಮತ್ತೆ ಕಲಸಿಹೋಗುವ ಮುನ್ನ ಬರೆದಿಡುತ್ತಿದ್ದೇನೆ. ಅದೇ ಜಾಗದಲ್ಲಿ ತಡವರಿಸುತ್ತಿರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಕಾನೂನು ಹೇಳುವುದು

ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿಯ ನಂತರ, 2013ರ ತಿದ್ದುಪಡಿಯಲ್ಲಿ ಭಾರತೀಯ ದಂಡ ಸಂಹಿತೆಗೆ 354ಡಿ ಕಲಂ ಸೇರಿತು. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂನಲ್ಲಿದೆ. ಮಹಿಳೆಯು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪುರುಷನು ಮತ್ತೆ ಮತ್ತೆ ಅವಳನ್ನು ಹಿಂಬಾಲಿಸಿ ಸಂಪರ್ಕಿಸುವುದು ಅಥವಾ ಸಂಪರ್ಕಿಸಲು ಯತ್ನಿಸುವುದು ಅದರ ಒಂದು ಭಾಗ. ಅವಳ ಇಂಟರ್ನೆಟ್, ಇಮೇಲ್ ಮುಂತಾದ ವಿದ್ಯುನ್ಮಾನ ಸಂಪರ್ಕದ ಮೇಲೆ ಕಣ್ಣಿಡುವುದು ಇನ್ನೊಂದು ಭಾಗ. ಮೊದಲ ಬಾರಿ ಅಪರಾಧ ಸಾಬೀತಾದರೆ ಮೂರು ವರ್ಷದವರೆಗೆ, ಮತ್ತೆ ಸಾಬೀತಾದರೆ ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಮೊದಲನೆಯದಕ್ಕೆ ಜಾಮೀನು ಹಕ್ಕಿನಿಂದ ಸಿಗುತ್ತದೆ, ಎರಡನೆಯದಕ್ಕೆ ಹಾಗಿಲ್ಲ. ಈ ಕಲಂ ಆರೋಪಿಯನ್ನು ಪುರುಷನೆಂದೂ ಬಾಧಿತಳನ್ನು ಮಹಿಳೆಯೆಂದೂ ಗೊತ್ತುಮಾಡಿದೆ. ಮನೋವೈದ್ಯಶಾಸ್ತ್ರದ ವಿವರಣೆಗೆ ಆ ಮಿತಿಯಿಲ್ಲ.

ಐದು ಬಗೆಗಳು

ಮನೋವೈದ್ಯ ಪಾಲ್ ಮಲೆನ್ ಮತ್ತು ಅವರ ಸಹೋದ್ಯೋಗಿಗಳು ಆಸ್ಟ್ರೇಲಿಯಾದಲ್ಲಿ ಹೀಗೆ ಬೆನ್ನುಬಿದ್ದ 145 ಮಂದಿಯನ್ನು ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದ ವರ್ಗೀಕರಣವನ್ನೇ ಎಲ್ಲರೂ ಓದುತ್ತಾರೆ. ಮುರಿದ ಸಂಬಂಧವನ್ನು ಬಿಡಲಾರದ ತಿರಸ್ಕೃತ, ಇಲ್ಲದ ಪ್ರೀತಿಯನ್ನು ಹುಡುಕುವ ಆಪ್ತತಾಕಾಂಕ್ಷಿ, ಹೇಗೆ ಮಾತನಾಡಿಸಬೇಕೆಂದೇ ತಿಳಿಯದೆ ಕಾಡುವವನು, ಅನ್ಯಾಯವಾಯಿತೆಂದು ಹಗೆ ಸಾಧಿಸುವವನು, ಹಲ್ಲೆಗಾಗಿ ಹೊಂಚುಹಾಕುವವನು. ಕೃತ್ಯವನ್ನು ನೋಡಿ ಬಗೆಯನ್ನು ತೀರ್ಮಾನಿಸಲಾಗದು, ಏಕೆಂದರೆ ಐದೂ ಮಂದಿ ರಾತ್ರಿ ಹನ್ನೊಂದಕ್ಕೆ ಅದೇ ಮಿಸ್ಡ್ ಕಾಲ್ ಕೊಡಬಹುದು. ಬಗೆಯನ್ನು ಹೇಳುವುದು ಉದ್ದೇಶ, ಮತ್ತು ಇಬ್ಬರ ನಡುವೆ ಮೊದಲು ಇದ್ದ ಸಂಬಂಧ.

ಆ 145 ಮಂದಿಯಲ್ಲಿ ಭ್ರಮೆಯ ಕಾಯಿಲೆಗಳಿದ್ದವರು ಶೇ. 30ರಷ್ಟು ಮಾತ್ರ, ಅವರಲ್ಲೂ ಹೆಚ್ಚಿನವರು ಎರಡನೆಯ ಬಗೆಯವರು. ಹಲ್ಲೆಯ ವಿಷಯದಲ್ಲಿ ಮುಂದಿದ್ದವರಲ್ಲಿ ತಿರಸ್ಕೃತರಿದ್ದಾರೆ, ಅಂದರೆ ಹಳೆಯ ಗಂಡ, ಹಳೆಯ ಗೆಳೆಯ. ‘ತಲೆಕೆಟ್ಟವನು ಅಪಾಯಕಾರಿ, ಗುರುತಿನವನಾದರೆ ಸಮಾಧಾನ ಹೇಳಿದರೆ ಸಾಕು’ ಎಂದು ನಮ್ಮ ಊರುಗಳಲ್ಲಿ ಹಿರಿಯರು ಹೇಳುವ ಮಾತು ಎಷ್ಟು ಹೆಣ್ಣುಮಕ್ಕಳನ್ನು ಅಪಾಯಕ್ಕೆ ನೂಕುತ್ತದೆ ಎಂಬುದು ಈ ಅಂಶವನ್ನು ಓದಿದಾಗ ನನಗೆ ಮನವರಿಕೆಯಾಯಿತು. ಠಾಣೆಯಲ್ಲಿ ಮುಚ್ಚಳಿಕೆ ಬರೆಸಿಕೊಂಡು ಕಳಿಸುವ ಪದ್ಧತಿಗೂ ಇದು ಅನ್ವಯಿಸುತ್ತದೆ. ಮಾತನಾಡಿಸಲು ಬಾರದವನು ಅದಕ್ಕೆ ಹೆದರಿ ನಿಂತಾನು. ಭ್ರಮೆಯಲ್ಲಿರುವವನು ಅದನ್ನು ಪ್ರೀತಿಗಾಗಿ ತೆರಬೇಕಾದ ಬೆಲೆಯೆಂದು ತಿಳಿಯುತ್ತಾನೆ, ಅವನಿಗೆ ಬೇಕಾದದ್ದು ಚಿಕಿತ್ಸೆ.

ನಾನು ಎಡವಿದ್ದು

ಒಂದು ಕಲ್ಪಿತ ಪ್ರಕರಣವನ್ನು ಇಟ್ಟುಕೊಳ್ಳೋಣ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬನು ತುಮಕೂರಿನ ಬ್ಯಾಂಕೊಂದರ ಉದ್ಯೋಗಿ ತನ್ನನ್ನು ಪ್ರೀತಿಸುತ್ತಾಳೆಂದು ಅಚಲವಾಗಿ ನಂಬಿದ್ದಾನೆ. ಅವಳು ಪಾಸ್‌ಬುಕ್ಕಿಗೆ ಹಾಕಿದ ಮೊಹರು ಸ್ವಲ್ಪ ಓರೆಯಾಗಿದ್ದರೆ ಅದು ಅವನಿಗೆ ಸಂಕೇತ. ನನಗೆ ನಿಮ್ಮ ಪರಿಚಯವೇ ಇಲ್ಲ, ಹಿಂದೆ ಬರಬೇಡಿ ಎಂದು ಅವಳು ಎಲ್ಲರ ಎದುರು ಹೇಳಿದಾಗ, ಬೇರೆಯವರ ಮುಂದೆ ಹಾಗೆ ಹೇಳಲೇಬೇಕಲ್ಲ ಎಂದು ಅರ್ಥಮಾಡಿಕೊಳ್ಳುತ್ತಾನೆ. ಇದು ಫ್ರಾನ್ಸಿನ ಮನೋವೈದ್ಯ ಕ್ಲೆರಾಂಬೋ ಅವರ ಹೆಸರಿನಿಂದ ಕರೆಯಲಾಗುವ ಪ್ರೇಮಭ್ರಮೆ. ಅವನು ವಾರಕ್ಕೆ ಮೂರು ದಿನ ರೈಲಿನಲ್ಲಿ ಬಂದು ಅವಳ ಮನೆಯವರೆಗೂ ಹಿಂದೆ ಹೋಗುತ್ತಾನೆ. ಪೇದೆ ಕಂಡರೆ ಕಂಬದ ಮರೆಗೆ ಸರಿಯುತ್ತಾನೆ. ಅವಳು ನಂಬರ್ ಬ್ಲಾಕ್ ಮಾಡಿದಾಗ ಬೇರೆಯವರ ಹೆಸರಿನಲ್ಲಿ ಸಿಮ್ ಪಡೆದು ಕರೆ ಮಾಡುತ್ತಾನೆ.

ಕಾಯಿಲೆ ಖಚಿತವಾಗಿದೆ, ಆದ್ದರಿಂದ ನ್ಯಾಯ ಸಂಹಿತೆಯ 22ನೇ ಕಲಂನಂತೆ ಅವನು ಅಪರಾಧಿಯಲ್ಲ ಎಂದು ನಾನು ಉತ್ತರ ಬರೆದೆ. ಅದು ತಪ್ಪು. ತಪ್ಪು ಎಲ್ಲಿದೆಯೆಂದು ತಿಳಿಯಲು ಆ ಕಲಂನ ಒಂದೊಂದು ಪದವನ್ನೂ ಬಿಡಿಸಿ ಓದಬೇಕಾಯಿತು.

ಕೃತ್ಯ ಮಾಡುವ ಸಮಯದಲ್ಲಿ, ಚಿತ್ತಸ್ವಾಸ್ಥ್ಯವಿಲ್ಲದ ಕಾರಣದಿಂದ, ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದನ್ನಾಗಲಿ ತಿಳಿಯಲು ಅಸಮರ್ಥನಾಗಿದ್ದವನಿಗೆ ಮಾತ್ರ ವಿನಾಯಿತಿ. ಹಳೆಯ ದಂಡ ಸಂಹಿತೆಯ 84ನೇ ಕಲಂನಲ್ಲೂ ಇದೇ ಇತ್ತು. ಇದರ ಬೇರು ಇಂಗ್ಲೆಂಡಿನ 1843ರ ಮೆಕ್‌ನಾಟನ್ ಪ್ರಕರಣದಲ್ಲಿದೆ. ಕಾಯಿಲೆಯಿತ್ತೆ ಎಂಬುದು ಇಲ್ಲಿ ಮೊದಲ ಮೆಟ್ಟಿಲು ಮಾತ್ರ. ಆ ಕಾಯಿಲೆ ಅವನ ತಿಳಿಯುವ ಶಕ್ತಿಯನ್ನೇ ಕಿತ್ತುಕೊಂಡಿತ್ತೆ ಎಂಬುದು ಎರಡನೆಯದು, ಮತ್ತು ನಾನು ಈ ಎರಡನೆಯ ಮೆಟ್ಟಿಲನ್ನು ಹತ್ತದೆಯೇ ತೀರ್ಪು ಬರೆದಿದ್ದೆ. ವೈದ್ಯಕೀಯವಾಗಿ ಅಸ್ವಸ್ಥನಾಗಿರುವುದು ಬೇರೆ, ಕಾನೂನಿನ ದೃಷ್ಟಿಯಲ್ಲಿ ಅಸ್ವಸ್ಥನಾಗಿರುವುದು ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಹೇಳಿರುವುದು ಇದನ್ನೇ. ವಿನಾಯಿತಿಯನ್ನು ರುಜುವಾತುಪಡಿಸುವ ಹೊಣೆ ಆರೋಪಿಯದು. ಆದರೆ ಸಂಶಯಾತೀತವಾಗಿ ಅಲ್ಲ, ಸಂಭವನೀಯತೆಯ ತೂಕದಲ್ಲಿ ಸಾಕು ಎಂದು 1964ರ ದಹ್ಯಾಭಾಯಿ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಅವಳು ನನ್ನನ್ನು ಪ್ರೀತಿಸುತ್ತಾಳೆ ಎಂಬುದು ಭ್ರಮೆ, ನಿಜ. ಆದರೆ ಆ ಭ್ರಮೆ ನಿಜವೇ ಆಗಿದ್ದರೂ ಬೇರೆಯವರ ಹೆಸರಿನ ಸಿಮ್ ಬಳಸುವುದು ಸರಿಯಾದೀತೆ? ಹೀಗೆ ಕೇಳಿಕೊಳ್ಳುವುದು ನಮ್ಮ ಕಲಂನ ಭಾಗವಲ್ಲ, ಕಲಿಯುವವರಿಗೆ ಇದೊಂದು ಊರುಗೋಲು. ಭ್ರಮೆ ಎಲ್ಲಿಗೆ ಮುಗಿಯುತ್ತದೆ, ತಿಳುವಳಿಕೆ ಎಲ್ಲಿಂದ ಉಳಿದಿದೆ ಎಂಬ ಗೆರೆ ಇದರಿಂದ ಕಾಣಿಸುತ್ತದೆ.

ನನಗೆ ಬಹಳ ನೆರವಾದದ್ದು ‘ಯಾವ ಹೊತ್ತಿನ ಮನಸ್ಸು?’ ಎಂಬ ಪ್ರಶ್ನೆ. ಈಗ ಪ್ರತಿ ಪ್ರಕರಣದ ಅಂಚಿನಲ್ಲೂ ಪೆನ್ಸಿಲಿನಿಂದ ಇದನ್ನು ಬರೆದುಕೊಳ್ಳುತ್ತೇನೆ. ಕೃತ್ಯದ ಹೊತ್ತಿನ ಮನಸ್ಸಾದರೆ 22ನೇ ಕಲಂ. ವಿಚಾರಣೆಯ ಹೊತ್ತಿನ ಮನಸ್ಸಾದರೆ, ಅಂದರೆ ಅವನು ತನ್ನ ಪರ ವಾದಿಸಿಕೊಳ್ಳಲು ಶಕ್ತನೆ ಎಂಬುದಾದರೆ, ಅಪರಾಧ ಪ್ರಕರಣಗಳ ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 27ನೇ ಅಧ್ಯಾಯ. ನಾಳೆಯ ಮನಸ್ಸಾದರೆ ಅದು ಅಪಾಯದ ಅಂದಾಜು: ಹಿಂದಿನ ಶಿಕ್ಷೆಗಳು, ಮದ್ಯ ಅಥವಾ ಮಾದಕದ ಚಟ, ಹಿಂದೆ ಹಾಕಿದ ಬೆದರಿಕೆಗಳನ್ನು ಅಲ್ಲಿ ನೋಡುತ್ತಾರೆ. ಇಂದು ಆಸ್ಪತ್ರೆಯಲ್ಲಿ ಅಸಂಬದ್ಧವಾಗಿ ಮಾತನಾಡುತ್ತಿರುವವನು ಆರು ತಿಂಗಳ ಹಿಂದೆ ಎಲ್ಲವನ್ನೂ ಅರಿತೇ ಮಾಡಿರಬಹುದು. ಅಂದು ಏನೂ ತಿಳಿಯದಿದ್ದವನು ಔಷಧದಿಂದ ಇಂದು ಸ್ವಸ್ಥನಾಗಿರಬಹುದು.

ಬಾಧಿತರ ಕಡೆಯಿಂದ

ಇಲ್ಲಿ ಎರಡೇ ಮಾತು. ಸ್ಪಷ್ಟವಾಗಿ ಒಮ್ಮೆ ಬೇಡವೆಂದು ಹೇಳಿದ ಮೇಲೆ ಮತ್ತೆ ಉತ್ತರಿಸಬಾರದು, ಏಕೆಂದರೆ ನಲವತ್ತನೆಯ ಕರೆಗೆ ಬೇಸತ್ತು ಬೈದರೂ ನಲವತ್ತು ಬಾರಿ ಕರೆ ಮಾಡಿದರೆ ಅವಳ ದನಿ ಕೇಳಿಸುತ್ತದೆ ಎಂಬುದನ್ನು ಅವನು ಕಲಿಯುತ್ತಾನೆ. ಸಂದೇಶಗಳನ್ನು ಅಳಿಸಬಾರದು, ದಿನಾಂಕ, ಸಮಯ, ಸ್ಥಳ, ನೋಡಿದವರು ಯಾರು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ‘ಮತ್ತೆ ಮತ್ತೆ’ ಎಂಬ ಅಂಶಕ್ಕೆ ಅದೇ ಆಧಾರ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮನಸ್ಸಿನ ನೆರವಿಗೆ ಟೆಲಿ ಮಾನಸ್ 14416.

ಮತ್ತೆ ಆ ಕಂಬದ ಮರೆ

ಪೇದೆಯನ್ನು ಕಂಡು ಅಡಗಿದ್ದರಿಂದ ಅವನಿಗೆ ಕಾನೂನಿನ ಅರಿವಿತ್ತು ಎಂದು ನಾನು ಎರಡನೆಯ ಬಾರಿ ಉತ್ತರ ಬರೆದೆ. ಅದೂ ಅರ್ಧವೇ ಸರಿ ಎಂದು ನಮಗೆ ಕಲಿಸುವ ಮೇಡಂ ತಿದ್ದಿದರು. ಅಡಗಿದ್ದೇಕೆ ಎಂದು ಅವನನ್ನೇ ಕೇಳಬೇಕು. ‘ಸಿಕ್ಕಿಬಿದ್ದರೆ ಕೇಸು ಹಾಕುತ್ತಾರಲ್ಲ ಮೇಡಂ’ ಎಂದರೆ ಅವನಿಗೆ ತಿಳಿದಿತ್ತು. ‘ಅವನು ಪೇದೆಯಲ್ಲ, ನಮ್ಮನ್ನು ಅಗಲಿಸಲು ಅವಳ ಅಣ್ಣ ವೇಷ ಹಾಕಿ ಕಳಿಸಿದವನು’ ಎಂದರೆ ಅಡಗಿದ್ದೂ ಭ್ರಮೆಯದೇ ಭಾಗ. ಆಗ ಅರಿವಿತ್ತೆಂಬುದಕ್ಕೆ ಉಳಿಯುವ ಆಧಾರ ಆ ಸಿಮ್, ಮತ್ತು ಅದನ್ನು ಏಕೆ ಪಡೆದೆಯೆಂದು ಮತ್ತೆ ಮೊದಲಿನಿಂದ ಕೇಳಬೇಕು.