ಅಪರೂಪದ ಬಿಯರ್‌ನ ಅದಲು-ಬದಲು: ಮರುಮಾರಾಟದ ಬೆಲೆ ನ್ಯಾಯದ ಅಳತೆಗೋಲಲ್ಲ

ಓದುಗರ ಪ್ರಶ್ನೆ: ಸುಲಭವಾಗಿ ಸಿಗದ ಒಂದು ಬಾಟಲಿ ಬಿಯರ್ ನನ್ನ ಬಳಿ ಇದೆ. ದೂರದಲ್ಲಿರುವ ಹವ್ಯಾಸಿಯೊಬ್ಬರು ಅದನ್ನು ಕೇಳುತ್ತಿದ್ದಾರೆ. ಬದಲಿಗೆ ತಮ್ಮ ಕಡೆಯ ಬ್ರೂವರಿಯ ನಾಲ್ಕು ಕ್ಯಾನ್ ಕೊಡುತ್ತಾರಂತೆ. ನನ್ನ ಬಾಟಲಿಯ ಮರುಮಾರಾಟದ ಬೆಲೆ ಆ ನಾಲ್ಕು ಕ್ಯಾನುಗಳ ಬೆಲೆಗಿಂತ ಎಷ್ಟೋ ಹೆಚ್ಚು. ಒಪ್ಪಿಕೊಂಡರೆ ನಾನು ಮೋಸಹೋದಂತೆ ಆಗುವುದಿಲ್ಲವೇ?

ಉತ್ತರ: ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಬಾಟಲಿಯ ಹೆಸರು ಬೇರೆಯಾಗುತ್ತದೆ, ಕ್ಯಾನುಗಳ ಲೆಕ್ಕ ಬೇರೆಯಾಗುತ್ತದೆ, ‘ಮರುಮಾರಾಟದ ಬೆಲೆ’ ಎಂಬ ಮಾತು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಆದ್ದರಿಂದ ಈ ಸಲ ಉತ್ತರವನ್ನು ಮೊದಲೇ ಹೇಳಿ, ಕಾರಣಗಳನ್ನು ಆಮೇಲೆ ಸಾವಕಾಶವಾಗಿ ವಿವರಿಸುತ್ತೇನೆ. ನೀವು ಮೋಸಹೋಗುವುದಿಲ್ಲ. ಇಬ್ಬರೂ ತಮ್ಮ ಬಿಯರಿಗೆ ಅಂಗಡಿಯಲ್ಲೋ ಬ್ರೂವರಿಯಲ್ಲೋ ತೆತ್ತ ಹಣ ಹೆಚ್ಚುಕಡಿಮೆ ಸರಿಹೊಂದಿದರೆ, ಅದನ್ನು ಸಂಪಾದಿಸಲು ಪಟ್ಟ ಶ್ರಮದಲ್ಲಿ ಅಜಗಜಾಂತರವಿಲ್ಲದಿದ್ದರೆ, ಕೈಬದಲಾಗುವ ಬಿಯರ್ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಇಬ್ಬರೂ ಮುಚ್ಚುಮರೆಯಿಲ್ಲದೆ ಹೇಳಿದ್ದರೆ, ಅದು ನ್ಯಾಯವಾದ ವಿನಿಮಯ. ಇಷ್ಟನ್ನು ಒಪ್ಪುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಅನುಭವದಿಂದ ಹೇಳುವುದಾದರೆ, ಇಷ್ಟಕ್ಕೆ ಒಪ್ಪುವವರು ಕಡಿಮೆ.

ಮೊದಲಿಗೆ ಕಾನೂನಿನ ಮಾತನ್ನು ಮುಗಿಸಿಬಿಡೋಣ. ಮದ್ಯವನ್ನು ಕಳುಹಿಸುವ ನಿಯಮ ದೇಶದಿಂದ ದೇಶಕ್ಕೆ, ಒಂದೇ ದೇಶದೊಳಗೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಈ ಹವ್ಯಾಸ ದಟ್ಟವಾಗಿ ಬೆಳೆದ ಅಮೆರಿಕದಲ್ಲಿ ಸರ್ಕಾರಿ ಅಂಚೆಯ ಮೂಲಕ ಬಿಯರ್ ಕಳುಹಿಸುವಂತಿಲ್ಲ. ಖಾಸಗಿ ಸಾಗಣೆ ಕಂಪನಿಗಳೂ ಪರವಾನಗಿ ಉಳ್ಳವರಿಂದ ಮಾತ್ರ ಅದನ್ನು ಸ್ವೀಕರಿಸುತ್ತವೆ. ನಿಮ್ಮಲ್ಲಿಯ ನಿಯಮವನ್ನು ನೀವೇ ತಿಳಿದುಕೊಳ್ಳಬೇಕು. ಎದುರೆದುರು ಕುಳಿತು ಕೈಯಿಂದ ಕೈಗೆ ಬದಲಿಸಿಕೊಳ್ಳುವ ಅವಕಾಶವಿದ್ದರೆ ಅದಕ್ಕಿಂತ ಉತ್ತಮವಾದ ದಾರಿ ಇಲ್ಲ.

ಇನ್ನು ಮರುಮಾರಾಟದ ಬೆಲೆಯ ವಿಚಾರ. ಆ ಬೆಲೆ ಎಲ್ಲಿಂದ ಬರುತ್ತದೆ ಎಂದು ಒಮ್ಮೆಯಾದರೂ ವಿಚಾರಿಸಿದ್ದೀರಾ? ಬಹಳ ಸಲ ಅದು ಯಾರೋ ಆತುರಗಾರರು ಒಮ್ಮೆ ಕೊಟ್ಟ ಮೊತ್ತವಾಗಿರುತ್ತದೆ. ಇನ್ನೂ ಎಷ್ಟೋ ಸಲ ಯಾರೂ ಕೊಡದ, ಮಾರುವವರು ಆಸೆಪಟ್ಟು ಹೇಳಿದ ಮೊತ್ತವಷ್ಟೇ ಆಗಿರುತ್ತದೆ. ಬಹುತೇಕ ಕಡೆಗಳಲ್ಲಿ ಪರವಾನಗಿಯಿಲ್ಲದೆ ಮದ್ಯ ಮಾರುವುದು ಅಪರಾಧ. ಅಂದರೆ ನೀವು ಆ ಬಾಟಲಿಯನ್ನು ಮಾರುವಂತಿಲ್ಲ, ಮಾರುವ ಇಚ್ಛೆಯೂ ನಿಮಗಿಲ್ಲ. ಆದರೂ ಮಾರಿದ್ದರೆ ಸಿಗುತ್ತಿದ್ದ ಹಣವನ್ನು ‘ನಷ್ಟ’ದ ಖಾತೆಗೆ ಬರೆದುಕೊಂಡು ಎದುರಿನವರಿಂದ ವಸೂಲಿ ಮಾಡಲು ಹೊರಡುತ್ತೀರಿ. ಕೈಯಲ್ಲಿ ಇಲ್ಲದ, ಬರಲಾರದ ಹಣಕ್ಕೆ ಇನ್ನೊಬ್ಬರು ಏಕೆ ಹೊಣೆಯಾಗಬೇಕು?

ಬೆಲ್ಜಿಯಂನ ವೆಸ್ಟ್‌ವ್ಲೆಟೆರನ್ ಬಿಯರನ್ನೇ ನೋಡಿ. ಸಿಂಟ್ ಸಿಕ್ಸ್ಟಸ್ ಮಠದ ಟ್ರ್ಯಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು ಅದನ್ನು ತಯಾರಿಸುತ್ತಾರೆ. ಅವರ ‘12’ ಎಂಬ ಬಿಯರ್, ಶೇಕಡಾ 10.2 ಮದ್ಯಾಂಶದ್ದು, ಹವ್ಯಾಸಿಗಳ ಬಯಕೆಯ ಪಟ್ಟಿಯಲ್ಲಿ ದಶಕಗಳಿಂದ ಮೇಲಿನ ಸ್ಥಾನದಲ್ಲಿದೆ. ಬಹುಕಾಲ ಆ ಬಾಟಲಿಗೆ ಲೇಬಲ್ ಕೂಡ ಇರಲಿಲ್ಲ. ಹಳದಿ ಮುಚ್ಚಳ ನೋಡಿ ಇದು ‘12’ ಎಂದು, ನೀಲಿ ನೋಡಿ ‘8’ ಎಂದು, ಹಸಿರು ನೋಡಿ ‘ಬ್ಲಾಂಡ್’ ಎಂದು ಗುರುತಿಸಬೇಕಾಗಿತ್ತು. ಮೊದಲೇ ದೂರವಾಣಿಯಲ್ಲಿ ಕಾದಿರಿಸಿ, ವಾಹನದ ನೋಂದಣಿ ಸಂಖ್ಯೆ ತಿಳಿಸಿ, ಮಠದ ಬಾಗಿಲಿಗೇ ಹೋಗಿ ತರಬೇಕಾಗಿತ್ತು. 2019ರಲ್ಲಿ ಕಾದಿರಿಸುವ ಕೆಲಸ ಆನ್‌ಲೈನ್‌ಗೆ ಬಂತು. ಕೊಂಡದ್ದನ್ನು ಮರಳಿ ಮಾರಬಾರದು ಎಂಬುದು ಮಠದ ಷರತ್ತು. ಮಠದ ನಿರ್ವಹಣೆಗೆ ಬೇಕಾದಷ್ಟನ್ನೇ ತಯಾರಿಸುವುದು ಅವರ ನಿಲುವು. ಬೇಡಿಕೆ ಹೆಚ್ಚಿತೆಂದು ಹಂಡೆಗಳನ್ನು ಹೆಚ್ಚಿಸಿದವರಲ್ಲ. ಆದರೆ ಕಟ್ಟಡದ ಪುನರ್ನಿರ್ಮಾಣಕ್ಕೆ ಹಣ ಬೇಕಾದಾಗ, 2012ರಲ್ಲಿ, ಅದೇ ಬಿಯರ್ ಅಮೆರಿಕದ ಅಂಗಡಿಗಳಲ್ಲೂ ಸ್ವಲ್ಪ ಕಾಲ ಸಿಕ್ಕಿತು. ಮಾಲ್ಟ್ ಅದೇ, ಯೀಸ್ಟ್ ಅದೇ, ಸನ್ಯಾಸಿಗಳೂ ಅವರೇ. ಅಲ್ಲಿಯ ಹವ್ಯಾಸಿಗೆ ಬದಲಾದದ್ದು ಸಿಗುವ ಸುಲಭ ಮಾತ್ರ. ಮರುಮಾರಾಟದ ಬೆಲೆ ಅಳೆಯುವುದು ಆ ಕೊರತೆಯನ್ನೇ ಹೊರತು ಬಾಟಲಿಯ ಒಳಗಿರುವುದನ್ನಲ್ಲ. ಕೊರತೆಯನ್ನು ನೀವು ಸೃಷ್ಟಿಸಿಲ್ಲ. ಅದರ ಬಾಡಿಗೆಯನ್ನು ನೀವು ಕೇಳುವುದು ಯಾವ ಆಧಾರದ ಮೇಲೆ?

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಅದಲು-ಬದಲು ಏಕೆ ನಡೆಯುತ್ತದೆ ಎಂಬುದನ್ನೇ ಬೆಲೆಪಟ್ಟಿ ಹಿಡಿದವರು ಮರೆತಿರುತ್ತಾರೆ. ಅಮೆರಿಕದ ವರ್ಮಾಂಟ್ ರಾಜ್ಯದ ‘ದಿ ಆಲ್ಕೆಮಿಸ್ಟ್’ ಬ್ರೂವರಿಯ ‘ಹೆಡಿ ಟಾಪರ್’ 2011ರಿಂದ ಕ್ಯಾನುಗಳಲ್ಲಿ ಸಿಗುತ್ತಿದೆ. ವರ್ಷಗಟ್ಟಲೆ ಅದು ಆ ಸುತ್ತಮುತ್ತಲಿನ ಪ್ರದೇಶವನ್ನು ದಾಟಲೇ ಇಲ್ಲ. ಅಲ್ಲಿ ವಾಸಿಸುವವರಿಗೆ ಅದು ವಾರದ ಖರೀದಿಯಲ್ಲಿ ಸೇರಿಕೊಳ್ಳುವ ಬಿಯರ್; ಸಾವಿರಾರು ಕಿಲೋಮೀಟರ್ ಆಚೆಯವರಿಗೆ ಹೆಸರು ಕೇಳಿಯೇ ಬಾಯಲ್ಲಿ ನೀರೂರುವ ವಸ್ತು. ಬ್ರಸೆಲ್ಸ್‌ನಲ್ಲಿ 1900ರಲ್ಲಿ ಆರಂಭವಾದ ಕಾಂಟಿಯೋನ್ ಬ್ರೂವರಿಯ ಹತ್ತಿರ ಇರುವವರಿಗೂ ಅದರ ಲ್ಯಾಂಬಿಕ್‌ಗಳ, ಅಂದರೆ ಗಾಳಿಯಲ್ಲಿರುವ ಯೀಸ್ಟಿನಿಂದ ತಾನಾಗಿ ಹುದುಗುವ ಹುಳಿ ಬಿಯರುಗಳ ವಿಷಯದಲ್ಲಿ ಇಂಥದೇ ಸೌಲಭ್ಯವಿದೆ. ತನಗೆ ಸುಲಭವಾದದ್ದನ್ನು ಕೊಟ್ಟು ತನಗೆ ದುರ್ಲಭವಾದದ್ದನ್ನು ಪಡೆಯುವುದೇ ಈ ವ್ಯವಹಾರದ ಜೀವಾಳ, ಮತ್ತು ಅದು ಸರಿಯಾಗಿ ನಡೆದಾಗ ಇಬ್ಬರೂ ಏಕಕಾಲಕ್ಕೆ ಲಾಭದಲ್ಲಿರುತ್ತಾರೆ. ಇಬ್ಬರ ವಸ್ತುವನ್ನೂ ಒಂದೇ ಬೆಲೆಪಟ್ಟಿಯ ತಕ್ಕಡಿಗೆ ಹಾಕಿದ ಕೂಡಲೇ ಒಬ್ಬರ ಲಾಭ ಇನ್ನೊಬ್ಬರ ನಷ್ಟವಾಗಿ ಕಾಣತೊಡಗುತ್ತದೆ, ಸ್ನೇಹಿತರಾಗಬಹುದಾಗಿದ್ದವರು ದಲ್ಲಾಳಿಗಳಾಗುತ್ತಾರೆ.

ಕಾಲದ ವಿಚಾರದಲ್ಲಂತೂ ಬೆಲೆಪಟ್ಟಿ ಶುದ್ಧ ಕುರುಡು. ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಹೂವನ್ನು ಧಾರಾಳವಾಗಿ ಬಳಸಿದ ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಬಗೆಯ ಬಿಯರ್, ಕ್ಯಾನಿಗೋ ಬಾಟಲಿಗೋ ತುಂಬಿದ ಕೆಲವೇ ವಾರಗಳಲ್ಲಿ ತನ್ನ ಪರಿಮಳವನ್ನು ಕಳೆದುಕೊಳ್ಳತೊಡಗುತ್ತದೆ. ಆಮ್ಲಜನಕ ಸೇರಿದರೆ ಒದ್ದೆ ರಟ್ಟಿನ ರುಚಿ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಗ್ಯೂಜ್ ಎಂಬುದು ಒಂದು, ಎರಡು ಮತ್ತು ಮೂರು ವರ್ಷ ಪೀಪಾಯಿಯಲ್ಲಿ ಕಳೆದ ಲ್ಯಾಂಬಿಕ್‌ಗಳನ್ನು ಬೆರೆಸಿ ಮಾಡುವ ಬಿಯರ್. ತಂಪಾದ ಕತ್ತಲಲ್ಲಿಟ್ಟರೆ ಬಾಟಲಿಯಲ್ಲೂ ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಬಾಟಲಿ ಯಾವ ಬಗೆಯದು, ಕ್ಯಾನುಗಳನ್ನು ಯಾವ ದಿನ ತುಂಬಿದ್ದು ಎಂಬ ಒಂದು ಮಾತೂ ಇಲ್ಲ; ಬೆಲೆ ಮಾತ್ರ ಇದೆ. ಐದು ತಿಂಗಳು ಬೆಚ್ಚಗಿನ ಕೋಣೆಯಲ್ಲಿದ್ದ ಪ್ರಸಿದ್ಧ ಐಪಿಎಗಿಂತ ಕಳೆದ ವಾರ ತುಂಬಿದ, ಹೆಸರೇ ಕೇಳಿರದ ಐಪಿಎ ಮೇಲು ಎಂದು ನಾನು ಎಷ್ಟು ಸಲ ಬರೆದರೂ ಸಾಲುವುದಿಲ್ಲವೆಂದು ತೋರುತ್ತದೆ. ಕುಡಿದವರು ಬಿಯರಿಗೆ ಕೊಡುವ ಅಂಕಗಳ ಆಧಾರದ ಮೇಲೆ ಮೌಲ್ಯ ಕಟ್ಟುವವರಿಗೂ ಇದೇ ಉತ್ತರ: ಸಿಗದ ಬಿಯರಿಗೆ ಅಂಕ ಕೊಡುವವರಲ್ಲಿ ಹೆಚ್ಚಿನವರು ಅದಕ್ಕಾಗಿ ಅಲೆದಾಡಿದವರೇ ಆಗಿರುವುದರಿಂದ ಆ ಅಂಕದಲ್ಲಿ ರುಚಿಯ ಜೊತೆಗೆ ಅಲೆದಾಟವೂ ಸೇರಿರುತ್ತದೆ.

ಹಾಗಾದರೆ ಶ್ರಮಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಅಮೆರಿಕದ ಇಂಡಿಯಾನಾ ರಾಜ್ಯದ ಮನ್‌ಸ್ಟರ್ ಪಟ್ಟಣದಲ್ಲಿರುವ ‘ತ್ರೀ ಫ್ಲಾಯ್ಡ್ಸ್’ ಬ್ರೂವರಿಯ ‘ಡಾರ್ಕ್ ಲಾರ್ಡ್’ ಎಂಬ ಸ್ಟೌಟ್‌ಗೆ (ಕಪ್ಪು ಬಣ್ಣದ ಗಾಢ ಬಿಯರಿಗೆ) ವರ್ಷಕ್ಕೊಮ್ಮೆ ಅದಕ್ಕೆಂದೇ ಮೀಸಲಾದ ದಿನ ಬರುತ್ತದೆ. ಅದನ್ನು ತರಲು ಟಿಕೆಟ್ ಹಿಡಿದು, ಪ್ರಯಾಣ ಮಾಡಿ, ಸಾಲಿನಲ್ಲಿ ನಿಂತವರು ಪಕ್ಕದ ಅಂಗಡಿಯ ಕಪಾಟಿನಿಂದ ಎತ್ತಿಕೊಂಡು ಬಂದವರಿಗೆ ಸಮ ಎನ್ನಲಾಗದು. ಅಂಥ ಬಾಟಲಿಗೆ ಬದಲಾಗಿ ಅದೇ ತರಹ ಕಷ್ಟಪಟ್ಟು ತಂದದ್ದನ್ನು ಕೇಳುವುದು ತಪ್ಪಲ್ಲ. ಆದರೆ ಅದನ್ನು ಬಾಯಿಬಿಟ್ಟು ಕೇಳಿ: ‘ಇದಕ್ಕಾಗಿ ಒಂದು ದಿನ ಕಳೆದಿದ್ದೇನೆ, ನಿಮ್ಮಲ್ಲೂ ಹಾಗೆ ತಂದದ್ದು ಯಾವುದಾದರೂ ಇದೆಯೇ?’ ಎಂದರೆ ಯಾರೂ ಬೇಸರಪಡುವುದಿಲ್ಲ. ಹೊಸದಾಗಿ ಬಂದವರ ಮುಂದೆ ಬೆಲೆಪಟ್ಟಿ ಹಿಡಿದು ಅವರನ್ನು ಕುಗ್ಗಿಸುವುದು ಬೇರೆ ಮಾತು. ಅದು ಚೌಕಾಶಿಯೂ ಅಲ್ಲ, ದಬ್ಬಾಳಿಕೆ.

ನಿಜವಾದ ಅನ್ಯಾಯ ನಡೆಯುವುದು ಬೆಲೆಯಲ್ಲಲ್ಲ, ಹೇಳದೆ ಬಿಟ್ಟ ಸಂಗತಿಗಳಲ್ಲಿ. ಕ್ಯಾನನ್ನು ತಲೆಕೆಳಗು ಮಾಡಿ ತಳದಲ್ಲಿ ಮುದ್ರಿತವಾದ ದಿನಾಂಕವನ್ನು ಓದಿ, ಅದರ ಚಿತ್ರವನ್ನು ಕಳುಹಿಸಿ. ಬಾಟಲಿಯನ್ನು ಬೆಳಕಿಗೆ ಹಿಡಿದು ಕುತ್ತಿಗೆಯಲ್ಲಿ ಬಿಯರ್‌ನ ಮಟ್ಟ ಇಳಿದಿದೆಯೇ, ಬಿರಡೆಯ ಅಂಚಿನಲ್ಲಿ ಒಸರಿದ ಕಲೆಯಿದೆಯೇ, ಮುಚ್ಚಳದ ಅಂಚು ತುಕ್ಕು ಹಿಡಿದಿದೆಯೇ, ಮೇಲೆ ಅದ್ದಿದ ಮೇಣ ಬಿರುಕು ಬಿಟ್ಟಿದೆಯೇ ಎಂದು ನೋಡಿ ಹೇಳಿ. ಹಸಿರು ಅಥವಾ ಬಣ್ಣವಿಲ್ಲದ ಗಾಜಿನ ಬಾಟಲಿ ಕಿಟಕಿಯ ಬಳಿ ಇತ್ತೇ ಎಂಬುದನ್ನೂ ಹೇಳಬೇಕು, ಏಕೆಂದರೆ ಹಾಪ್ಸ್‌ನ ಕಹಿ ಅಂಶಗಳ ಮೇಲೆ ಬೆಳಕು ಬಿದ್ದರೆ ಗಂಧಕದ ಸಂಯುಕ್ತವೊಂದು ಹುಟ್ಟಿ ಬಿಯರ್ ನಾರುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನು ಪೂರ್ತಿಯಾಗಿ ತಡೆಯುತ್ತದೆ. ಒಂದೇ ಸಲಕ್ಕೆ ತಯಾರಾದ ಇಡೀ ಬ್ಯಾಚಿನ ಬಿಯರೇ ಕೆಟ್ಟಿತ್ತೆಂದು ಗೊತ್ತಿದ್ದರೆ ಮುಚ್ಚಿಡಬಾರದು. ಅಮೆರಿಕದ ‘ಗೂಸ್ ಐಲೆಂಡ್’ ಬ್ರೂವರಿ ತನ್ನ 2015ರ ‘ಬರ್ಬನ್ ಕೌಂಟಿ’ ಸರಣಿಯ ಕೆಲವು ಬಿಯರುಗಳು ಬ್ಯಾಕ್ಟೀರಿಯಾದಿಂದ ಹುಳಿಯಾದದ್ದನ್ನು ಒಪ್ಪಿಕೊಂಡು 2016ರಲ್ಲಿ ಗ್ರಾಹಕರಿಗೆ ಹಣ ಹಿಂದಿರುಗಿಸಿತು. ತಯಾರಿಸಿದವರೇ ಒಪ್ಪಿಕೊಂಡ ದೋಷವನ್ನು ಬದಲಾಯಿಸುವವರು ನುಂಗಿಕೊಂಡು ಕುಳಿತರೆ ಅದಕ್ಕೆ ಮೋಸ ಎನ್ನದೆ ಬೇರೇನೂ ಹೇಳಲಾಗದು.

ಕಳುಹಿಸುವುದು ಕಾನೂನುಬದ್ಧವಾಗಿರುವಲ್ಲಿ ಕಟ್ಟುವ ಕೆಲಸವೂ ನ್ಯಾಯದ ಭಾಗವೇ. ಮುಚ್ಚಳದ ಮೇಲೆ ಟೇಪು, ಪ್ರತಿ ಬಾಟಲಿಗೂ ಪ್ರತ್ಯೇಕ ಬಬಲ್ ರ್‍ಯಾಪ್, ಅದರ ಮೇಲೆ ಸೋರದ ಪ್ಲಾಸ್ಟಿಕ್ ಚೀಲ, ಮೂಲೆಗಳಲ್ಲಿ ಒತ್ತಾಗಿ ತುಂಬಿದ ಕಾಗದ. ಮುಚ್ಚಿದ ಪೆಟ್ಟಿಗೆಯನ್ನು ಅಲುಗಾಡಿಸಿದರೆ ಒಳಗಿನಿಂದ ಯಾವ ಸದ್ದೂ ಬರಬಾರದು. ಹುದುಗದ ಹಣ್ಣಿನ ಸಕ್ಕರೆ ಉಳಿದಿರುವ ಕ್ಯಾನುಗಳನ್ನು ಬೇಸಿಗೆಯಲ್ಲಿ ಕಳುಹಿಸಲೇಬೇಡಿ. ಬೆಚ್ಚಗಾದರೆ ಮತ್ತೆ ಹುದುಗಿ ಒಡೆಯುತ್ತವೆ, ಪಕ್ಕದ ಬಾಟಲಿಗಳನ್ನೂ ಹಾಳುಮಾಡುತ್ತವೆ. ದಾರಿಯಲ್ಲಿ ಒಡೆದರೆ ಹೊಣೆ ಕಳುಹಿಸಿದವರದು. ಪಡೆಯಬೇಕಾದವರು ‘ಪರವಾಗಿಲ್ಲ, ಬಿಡಿ’ ಎನ್ನಬಹುದು, ಅದು ಅವರ ದೊಡ್ಡತನ; ಆದರೆ ಆ ಮಾತನ್ನು ಕಳುಹಿಸಿದವರು ತಾವಾಗಿ ಹೇಳಿಕೊಳ್ಳುವಂತಿಲ್ಲ.

ಈಗ ಔದಾರ್ಯ. ಒಪ್ಪಿಕೊಂಡ ಬಾಟಲಿಗಳ ಜೊತೆಗೆ ಹೇಳದೆ ಒಂದೆರಡು ಕ್ಯಾನು ಸೇರಿಸಿ ಕಳುಹಿಸುವ, ಎಲ್ಲರೂ ‘ಎಕ್ಸ್‌ಟ್ರಾ’ ಎಂದು ಕರೆಯುವ ರೂಢಿ ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಆದರೆ ಅದು ನ್ಯಾಯದ ಕೊರತೆಯನ್ನು ತುಂಬುವ ತೇಪೆಯಲ್ಲ. ಹಳಸಿದ ಐಪಿಎ ಕೊಟ್ಟು ಮೇಲೆ ಎರಡು ಎಕ್ಸ್‌ಟ್ರಾ ಹಾಕಿದರೆ ಸರಿಹೋಗುವುದಿಲ್ಲ. ಕಪಾಟಿನಲ್ಲಿ ಯಾರಿಗೂ ಬೇಡವಾಗಿ ಉಳಿದದ್ದನ್ನು ತುರುಕುವುದಕ್ಕೂ ಆ ಹೆಸರು ಸಲ್ಲದು. ಎದುರಿನವರು ಹುಳಿ ಬಿಯರ್ ಇಷ್ಟಪಡುತ್ತಾರೆಂದು ಗೊತ್ತಿದ್ದು ಅದನ್ನೇ ಹುಡುಕಿ ಹಾಕಿದ ಒಂದು ಕ್ಯಾನು, ಲೆಕ್ಕಕ್ಕೆ ತುಂಬಿದ ಆರಕ್ಕಿಂತ ಹೆಚ್ಚು. ಅವರು ನಾಲ್ಕು ಎಕ್ಸ್‌ಟ್ರಾ ಹಾಕಿದ್ದರು, ನಾನು ಎರಡೇ ಹಾಕಿದೆ, ಇನ್ನೆರಡು ಕಳುಹಿಸಬೇಕೇ ಎಂಬ ಪತ್ರಗಳೂ ಬರುತ್ತವೆ. ಬೇಡ. ಕೃತಜ್ಞತೆ ಹೇಳಿ, ಸಂತೋಷದಿಂದ ಕುಡಿಯಿರಿ.

ಯಾರೂ ಸರಿಯಾಗಿ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆಯೊಂದು ಇಲ್ಲಿ ತಾನಾಗಿ ಏಳುತ್ತದೆ: ಹೀಗೆ ಬಂದದ್ದನ್ನು ಮತ್ತೊಬ್ಬರೊಂದಿಗೆ ಬದಲಾಯಿಸಬಹುದೇ? ಒಪ್ಪಂದದ ಬಾಟಲಿ ನಿಮ್ಮದು. ಮನಸ್ಸು ಬದಲಾಗಿ ಅದನ್ನು ಇನ್ನೊಂದು ವಿನಿಮಯಕ್ಕೆ ಇಟ್ಟರೆ ಆಕ್ಷೇಪಿಸಲು ಕಾರಣವಿಲ್ಲ. ಆದರೆ ಕುಡಿಯುವ ಆಸೆ ತೋರಿಸಿ, ಅಂಗಡಿಯ ಬೆಲೆಯ ಲೆಕ್ಕದಲ್ಲಿ ಪಡೆದು, ಮರುದಿನವೇ ಮಾರಲು ಇಡುವವರು ಕೊಟ್ಟವರ ಒಳ್ಳೆಯತನವನ್ನು ಹಣವಾಗಿ ಪರಿವರ್ತಿಸಿಕೊಂಡಂತೆ. ಅವರೊಂದಿಗೆ ಎರಡನೆಯ ಸಲ ವ್ಯವಹರಿಸಬೇಡಿ. ಎಕ್ಸ್‌ಟ್ರಾ ವಿಷಯ ಇನ್ನೂ ಸೂಕ್ಷ್ಮ. ಅದನ್ನು ಕೊಟ್ಟದ್ದು ನಿಮ್ಮ ಗ್ಲಾಸಿಗೆ, ನಿಮ್ಮ ದಾಸ್ತಾನಿಗಲ್ಲ. ನಿಮಗೆ ರುಚಿಸದ ಬಗೆಯದಾಗಿದ್ದರೆ ಕೊಟ್ಟವರಿಗೆ ಒಂದು ಮಾತು ತಿಳಿಸಿ, ಇಷ್ಟಪಡುವ ಸ್ನೇಹಿತರಿಗೆ ಸುಮ್ಮನೆ ಕೊಟ್ಟುಬಿಡಿ. ದೊಡ್ಡ ಬಾಟಲಿಯಾದರೆ ನಾಲ್ಕೈದು ಜನ ಸೇರಿದಾಗ ತೆರೆಯುವುದು ಲೇಸು. ಶೇಕಡಾ ಹತ್ತಕ್ಕಿಂತ ಹೆಚ್ಚು ಮದ್ಯಾಂಶವಿರುವ 750 ಮಿಲಿಲೀಟರ್ ಸ್ಟೌಟನ್ನು ಒಬ್ಬರೇ ಮುಗಿಸುವುದು ರುಚಿ ನೋಡುವ ವಿಧಾನವೂ ಅಲ್ಲ, ಜಾಣತನವೂ ಅಲ್ಲ.

ತೆರೆದ ಮೇಲೆ ಹೇಗಿತ್ತೆಂದು ಕೊಟ್ಟವರಿಗೆ ಬರೆಯಿರಿ. ಕೆಟ್ಟಿದ್ದರೆ ಅದೇ ದಿನ ಚಿತ್ರ ಸಮೇತ ಸೌಮ್ಯವಾಗಿ ತಿಳಿಸಿ. ಬೇಗ ಕುಡಿಯಬೇಕಾದ ಬಿಯರನ್ನು ಆರು ತಿಂಗಳು ನಿಮ್ಮ ಕಪಾಟಿನಲ್ಲೇ ಇಟ್ಟುಕೊಂಡಿದ್ದು, ಆಮೇಲೆ ರಟ್ಟಿನ ರುಚಿ ಬರುತ್ತಿದೆ ಎಂದು ದೂರುವ ಹಕ್ಕು ಮಾತ್ರ ನಿಮಗಿಲ್ಲ. ಅಂಥ ದೂರುಗಳಿಗೆ ನಾನು ಇನ್ನು ಮುಂದೆ ಉತ್ತರಿಸುವುದೂ ಇಲ್ಲ.