ನಾಯಿಗೆ ನಮ್ಮ ಮನೆಯ ರೊಟ್ಟಿ-ಪಲ್ಯ ಹಾಕಬಹುದಾ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನಮ್ಮ ನಾಯಿಗೆ ಎರಡು ವರ್ಷ, ಸುಮಾರು 10 ಕೆಜಿ ಇದೆ. ಮೊದಲಿನಿಂದಲೂ ಮನೆಯ ರೊಟ್ಟಿ, ಪಲ್ಯ, ಸಾರನ್ನವನ್ನೇ ತಿನ್ನುತ್ತದೆ. ‘ಮನುಷ್ಯರ ಊಟ ನಾಯಿಗೆ ವಿಷ ಐತ್ರಿ, ಹಾಕಬ್ಯಾಡ್ರಿ’ ಅಂತಾರೆ ಪಕ್ಕದ ಮನೆಯವರು. ‘ರೊಟ್ಟಿ ತಿಂದ ನಾಯಿ ಬದುಕ್ಯಾವ’ ಅಂತಾರೆ ನಮ್ಮ ಅತ್ತೆ. ಯಾರ ಮಾತು ಕೇಳೋಣ?

ಉತ್ತರ: ರೊಟ್ಟಿಯ ಮಟ್ಟಿಗೆ ನಿಮ್ಮ ಅತ್ತೆಯವರ ಮಾತು ಸರಿ. ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದ ನಾಯಿಗೆ ಹಿಟ್ಟಿನ ಪದಾರ್ಥ ಅರಗುತ್ತದೆ. ಪಿಷ್ಟ ಕರಗಿಸುವ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಜಾಸ್ತಿ ಇವೆ ಅಂತ 2013ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಜೋಳದ ರೊಟ್ಟಿಯನ್ನು ನೀರಲ್ಲೋ ತೆಳು ಮಜ್ಜಿಗೆಯಲ್ಲೋ ನೆನೆಸಿ ಹಾಕಿ, ಭಯ ಬೇಡ. ಅಪಾಯ ಇರುವುದು ಒಗ್ಗರಣೆಯಲ್ಲಿ.

ನಮ್ಮ ಕಡೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಪಲ್ಯ ಯಾವುದಿದೆ ಹೇಳಿ? ಝುಣಕ, ಎಣ್ಣೆಗಾಯಿ, ಶೇಂಗಾ ಹಿಂಡಿ, ಎಲ್ಲದರಲ್ಲೂ ಒಂದಲ್ಲ ಒಂದು ಇದ್ದೇ ಇರುತ್ತದೆ. ಇವೆರಡರಲ್ಲಿರುವ ಗಂಧಕದ ಅಂಶ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ನಾಯಿಯ ತೂಕದ ಪ್ರತಿ ಕೆಜಿಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಸಾಕು, ರಕ್ತ ಕೆಡುತ್ತದೆ. ನಿಮ್ಮ ನಾಯಿಯ ಲೆಕ್ಕದಲ್ಲಿ ಅದು 150 ಗ್ರಾಂನಿಂದ ಶುರು. ಅಂದರೆ ಒಂದೆರಡು ಗಡ್ಡೆ. ಬಳ್ಳೊಳ್ಳಿ ಇದಕ್ಕಿಂತ ಜೋರು. ದಿನಾ ಸ್ವಲ್ಪ ಸ್ವಲ್ಪ ಹಾಕಿದರೂ ಕೆಟ್ಟದ್ದೇ. ಇನ್ನೊಂದು ಮಾತು, ಇದರ ಲಕ್ಷಣ ಅವತ್ತೇ ಕಾಣಬೇಕೆಂದಿಲ್ಲ. ಕೆಲವು ದಿನ ಬಿಟ್ಟು ನಾಯಿ ಮಂಕಾಗುತ್ತದೆ, ಏದುಸಿರು ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಮನೆಯವರಿಗೆ ಆ ಪಲ್ಯದ ನೆನಪೇ ಇರುವುದಿಲ್ಲ.

ಸಾರನ್ನ ಅಂದಿರಿ. ಅದರಲ್ಲಿ ಹುಣಸೆಹಣ್ಣು ಇರುತ್ತದೆ, ಅಲ್ವಾ? ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಕೈಕೊಡುವುದಕ್ಕೆ ಟಾರ್ಟಾರಿಕ್ ಆಮ್ಲ ಕಾರಣ ಇರಬೇಕು ಅಂತ ಪಶುವೈದ್ಯರು ಇತ್ತೀಚೆಗೆ ಹೇಳುತ್ತಿದ್ದಾರೆ. ಅದೇ ಆಮ್ಲ ಹುಣಸೆಯಲ್ಲಿ ಧಾರಾಳವಾಗಿದೆ. ಹಾಗಾಗಿ ಹುಳಿ ಹಿಂಡಿದ ಸಾರು ನಾಯಿಯ ತಟ್ಟೆಗೆ ಬೇಡವೇ ಬೇಡ. ಶಿರಾ, ಪಾಯಸದಲ್ಲಿರುವ ಒಣದ್ರಾಕ್ಷಿಯ ಬಗ್ಗೆ ಇನ್ನೂ ಹುಷಾರಾಗಿರಿ. ಒಂದು ನಾಯಿಗೆ ಏನೂ ಆಗದ ಪ್ರಮಾಣ ಇನ್ನೊಂದರ ಜೀವಕ್ಕೇ ಬರಬಹುದು.

ಮಿರ್ಚಿ ಭಜಿ, ಉಪ್ಪಿನಕಾಯಿ, ಹಪ್ಪಳ ದೂರ ಇಡಿ. ಎಣ್ಣೆ, ಕೊಬ್ಬು ಒಮ್ಮೆಲೇ ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ ನಿಲ್ಲುವುದಿಲ್ಲ. ಚಾಕಲೇಟೂ ಬೇಡ. ಮಕ್ಕಳು ಪೇಢಾ ಚೂರು ಕೊಟ್ಟರೆ ವಿಷವೇನಲ್ಲ, ಆದರೆ ಬರೀ ಸಕ್ಕರೆ, ಖೋವಾ, ರೂಢಿ ಮಾಡಬೇಡಿ. ‘ಶುಗರ್ ಫ್ರೀ’ ಚೂಯಿಂಗ್ ಗಮ್ ಮಾತ್ರ ಕೈಗೆ ಸಿಗದ ಹಾಗೆ ಎತ್ತಿಡಿ. ಅದರಲ್ಲಿ ಸಕ್ಕರೆ ಬದಲು ಹಾಕುವ ಝೈಲಿಟಾಲ್ ಎಂಬ ಸಿಹಿ ಪದಾರ್ಥ ಇದ್ದರೆ ನಾಯಿಯ ರಕ್ತದ ಸಕ್ಕರೆ ಸರ್ರನೆ ಕುಸಿಯುತ್ತದೆ. ಭಾನುವಾರದ ಮಟನ್ ಮೂಳೆ ಎಸೆಯುವ ರೂಢಿಯೂ ಬಿಡಬೇಕು. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳು ಚುಚ್ಚುತ್ತದೆ.

ಹಾಗಾದರೆ ಏನು ಹಾಕೋದು? ಒಗ್ಗರಣೆಗೆ ಮೊದಲು ನಾಯಿಯ ಪಾಲು ತೆಗೆದಿಡಿ. ಬೆಂದ ಬೇಳೆ, ಅನ್ನ, ಗಜ್ಜರಿ, ಕುಂಬಳಕಾಯಿ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಸ್ವಲ್ಪ ಮೊಸರು. ಉಪ್ಪು, ಖಾರ ಬೇಡ. ಹಾಲು ಕೆಲವು ನಾಯಿಗಳಿಗೆ ಆಗಿಬರುವುದಿಲ್ಲ, ಭೇದಿಯಾದರೆ ನಿಲ್ಲಿಸಿ. ಆದರೆ ಬರೀ ರೊಟ್ಟಿ, ಅನ್ನದ ಮೇಲೆ ನಾಯಿ ಸಾಕಬೇಡಿ. ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಸಾಲುವುದಿಲ್ಲ. ಬೆಳೆಯುವ ಮರಿಗಳಲ್ಲಂತೂ ಕ್ಯಾಲ್ಸಿಯಂ ಕೊರತೆಯಿಂದ ಕಾಲು ಸೊಟ್ಟಗಾಗುತ್ತವೆ. ಪೂರ್ತಿ ಮನೆ ಊಟವೇ ಹಾಕುವುದಾದರೆ ಪಶುವೈದ್ಯರಿಂದ ಒಮ್ಮೆ ಅಳತೆ ಬರೆಸಿಕೊಳ್ಳಿ. ಡಾಗ್ ಫುಡ್ ಹಾಕುತ್ತಿದ್ದರೆ, ಮೇಲಿನ ತಿನಿಸು ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ದಾಟದಿರಲಿ.

ಒಣದ್ರಾಕ್ಷಿ, ಗಮ್, ಚಾಕಲೇಟ್ ತಿಂದಿದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯುತ್ತ ಕೂರಬೇಡಿ. ಏನು, ಎಷ್ಟು, ಯಾವಾಗ ತಿಂದಿತು ಅಂತ ನೆನಪಿಟ್ಟು, ಪೊಟ್ಟಣ ಹಿಡಿದುಕೊಂಡು ಕೂಡಲೇ ಪಶು ಆಸ್ಪತ್ರೆಗೆ ಹೊರಡಿ. ಮೊದಲ ಎರಡು ಗಂಟೆಯೊಳಗೆ ಸಿಕ್ಕರೆ ಡಾಕ್ಟರ್ ವಾಂತಿ ಮಾಡಿಸಿ ಹೊರಹಾಕಬಹುದು. ನೀವೇ ಮನೆಯಲ್ಲಿ ಉಪ್ಪು ನೀರು ಕುಡಿಸಲು ಹೋಗಬೇಡಿ, ಆ ಉಪ್ಪೇ ನಾಯಿಗೆ ವಿಷವಾಗುತ್ತದೆ.